ಎಲ್ಲರೂ ವಾಡಿಯಿಂದಲೇ ಬಂದವರು

ಸರಕಾರಿ ಲೆಕ್ಕದ ತೀರ್ ತಿಂಗಳು, ನಮ್ಮ ಲೆಕ್ಕದ ವೈಶಾಖ. ನಮ್ಮೂರು ಕೆಂಚಬಾವಿಯ ನಾಯಿಗಳು ಕೂಡ ನೆರಳಿನ ಪಾಲಿಗಾಗಿ ಕಚ್ಚಾಡುವ ಬಿಸಿಲಿನಲ್ಲಿ ನಾನು ಸರಕಾರಿ ಕೆಲಸದ ಮೇಲೆ ಊರು ಬಿಟ್ಟೆ. ಕೆಲಸ ನನ್ನದಲ್ಲ, ಮುನ್ಶಿ ಗಫೂರ್ ಸಾಹೇಬರದು. ಆದರೆ ಅವರ ತಗಡಿನ ಪೆಟ್ಟಿಗೆ ಹೊತ್ತವನು ನಾನು. ಪೆಟ್ಟಿಗೆಯೊಳಗೆ ಇದ್ದದ್ದು ಸರಕಾರ. ಹೀಗಾಗಿ ಆರು ದಿನ ನಿಜಾಮ ಸರಕಾರವನ್ನು ತಲೆಯ ಮೇಲೆ ಹೊತ್ತು ನಡೆಸಿದವನು ನಾನೇ ಎಂದರೆ ಯಾರೂ ಇಲ್ಲವೆನ್ನಬಾರದು.

ಮುನ್ಶಿಯವರು ಜಿಲ್ಲೆಯ ಆರೋಗ್ಯ ಕಚೇರಿಯ ಗುಮಾಸ್ತರು. ಐವತ್ತು ದಾಟಿದ ವಯಸ್ಸು, ಕಡ್ಡಿಯಂಥ ಮೈ, ಮೈಗಿಂತ ಅಗಲವಾದ ಛತ್ರಿ. ಬರೆದಿಲ್ಲದ ಯಾವುದನ್ನೂ ಅವರು ನಂಬುವುದಿಲ್ಲ. ನಮ್ಮ ಮನೆಯ ಹೋರಿ ಹಾಯಲು ಬಂದಾಗ ಮೊದಲು ಅದರ ಬಣ್ಣ ಬರೆದುಕೊಂಡು ಆಮೇಲೆ ಓಡಿದರು. ಅವರಿಗೆ ಉರ್ದು ಓದಬಲ್ಲ, ಹಳ್ಳಿಯ ಮಂದಿಯ ಜೊತೆ ಕನ್ನಡ ಆಡಬಲ್ಲ ಒಬ್ಬ ಬೇಕಾಗಿತ್ತು. ಸೇಡಂ ಶಾಲೆಯಲ್ಲಿ ಏಳನೇ ಜಮಾತು ಮುಗಿಸಿ ಹದಿನಾರನೇ ವಯಸ್ಸಿಗೆ ಊರಿನ ಅರ್ಧ ಜ್ಞಾನವನ್ನು ಒಬ್ಬನೇ ಇಟ್ಟುಕೊಂಡು ಕುಳಿತಿದ್ದ ಮಲ್ಲಿಕಾರ್ಜುನ, ಅಂದರೆ ನಾನು, ಅವರ ಕಣ್ಣಿಗೆ ಬಿದ್ದೆ. ನನ್ನ ಉರ್ದು ಎಷ್ಟು ಚೊಕ್ಕ ಎಂದರೆ, ಪರೀಕ್ಷೆಯ ದಿನ ನನ್ನ ಓದು ಕೇಳಿ ಮಾಸ್ತರರು ಅತ್ತುಬಿಟ್ಟಿದ್ದರು. ಯಾಕೆ ಅತ್ತರೆಂದು ಮಾತ್ರ ಹೇಳಲಿಲ್ಲ.

ಕೆಲಸ ಇಷ್ಟು: ಈ ಸೀಮೆಯ ಒಂದು ಊರಿನ ಮೆಟ್ಟಿಲುಬಾವಿಯನ್ನು ಸರಕಾರ ಹೊಸದಾಗಿ ಕಟ್ಟಿಸಿಕೊಡುತ್ತದೆ. ಮೆಟ್ಟಿಲು ಮುಚ್ಚಿ, ಸುತ್ತ ಎದೆಯೆತ್ತರ ಕಟ್ಟೆ ಏರಿಸಿ, ಮೇಲೆ ಹಗ್ಗದ ಗಡಗಡಿ ಹಾಕುತ್ತಾರೆ. ನಿಂತಲ್ಲೇ ನೀರು ಸೇದಬಹುದು. ಬಾವಿಯೇ ಇಲ್ಲದ ಊರಾದರೆ ಹೊಸದನ್ನೇ ತೋಡಿಸುತ್ತಾರೆ. ಒಂದೇ ಊರು, ಒಂದೇ ಬಾವಿ. ಯಾವ ಊರಿನ ಮಂದಿ ನಾರು ರೋಗಕ್ಕಾಗಿ ಎಲ್ಲರಿಗಿಂತ ಹೆಚ್ಚು ದವಾಖಾನೆಗಳಲ್ಲಿ ಭರ್ತಿಯಾಗಿದ್ದಾರೋ ಆ ಊರಿಗೆ.

ನಾರು ಎಂದರೇನೆಂದು ತಿಳಿಯದ ಪುಣ್ಯವಂತರಿಗೆ ಹೇಳುತ್ತೇನೆ. ಕಾಲಿನಲ್ಲಿ ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಒಳಗಿನಿಂದ ದಾರದಂಥ ಬಿಳಿ ಹುಳು ಮೂತಿ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಸುತ್ತು ಎಳೆಯಬೇಕು. ಹೋದ ವರ್ಷ ನನಗೆ ಬಂದಿದ್ದ ನಾರು ನನಗಿಂತ ಒಂದು ಗೇಣು ಉದ್ದವಿತ್ತು. ಅವ್ವ ಒಂದೇ ಮೊಳ ಅನ್ನುತ್ತಾಳೆ. ಅವಳಿಗೆ ಅಳತೆ ಬರುವುದಿಲ್ಲ. ಅವಳ ನಾರು ಮಾತ್ರ ಎಳೆಯುವಾಗ ಒಳಗೇ ಹರಿಯಿತು. ಮೊಣಕಾಲು ಬಾತು, ಕೀವು ತುಂಬಿ, ಕೊನೆಗೆ ಮಡಚಿದ ಹಾಗೆಯೇ ಗಟ್ಟಿಯಾಯಿತು. ಈಗ ಅವಳು ಬಾವಿಯ ಮೆಟ್ಟಿಲನ್ನು ಕುಂತೇ ಇಳಿಯುತ್ತಾಳೆ, ಒಂದು ಮೆಟ್ಟಿಲಿಗೆ ಒಂದು ಸಲ ಕೊಡ ಮುಂದೆ ಸರಿಸಿ, ಹಿಂದೆ ತಾನು ಸರಿದು. ಇದನ್ನು ನಾನು ಹಿಗ್ಗಿಸಿ ಹೇಳುತ್ತಿಲ್ಲ.

ಸರಕಾರದ ಈ ಮಾತು ಕಿವಿಗೆ ಬಿದ್ದದ್ದೇ ನಮ್ಮ ಗೌಡರು ಹಿಂದಿನ ವರ್ಷವೇ ಊರನ್ನು ಕಲೆಹಾಕಿ ಹೇಳಿದ್ದರು: "ಮನಿಯಾಗ ನರಳ್ಕೋತ ಬಿದ್ರ ಸರಕಾರಕ್ಕ ಕಾಣಂಗಿಲ್ರೋ. ನರಳೂದು ಇದ್ದೇ ಅದ, ದವಾಖಾನ್ಯಾಗ ಹೋಗಿ ನರಳ್ರಿ. ಭರ್ತಿ ಆಗ್ರಿ, ಭರ್ತಿ!" ಆಮೇಲೆ ಊರಿನಲ್ಲಿ ಗುಳ್ಳೆ ಎದ್ದವರೆಲ್ಲ ಗಂಟು ಕಟ್ಟಿಕೊಂಡು ದವಾಖಾನೆಯ ದಾರಿ ಹಿಡಿದಿದ್ದರು. ಆದ್ದರಿಂದ ಬಾವಿ ನಮ್ಮದೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

"ಅವ್ವ, ಬರೂವಾಗ ಬಾವಿ ಹೊತ್ಕೊಂಡೇ ಬರ್ತೀನಿ ನೋಡು" ಅಂದೆ.

"ಮೊದಲ ಆ ಪೆಟ್ಟಿಗಿ ಸೀದಾ ಹೊರು. ಶಾಯಿ ಸೋರಾಕತ್ತದ" ಅಂದಳು.

ಸೇಡಂಗೆ ನಾಲ್ಕು ಹರದಾರಿ. ಗೌಡರ ಗಾಡಿಯಲ್ಲಿ ಕೋಳಿ ಕೂಗುವ ಹೊತ್ತಿಗೆ ಹೊರಟು ಒಂಬತ್ತಕ್ಕೆ ಮುಟ್ಟಿದೆವು. ಕಾಗಿಣಾ ಹೊಳೆ ಎಷ್ಟು ಬತ್ತಿತ್ತೆಂದರೆ, ದಾಟುವಾಗ ಎತ್ತುಗಳೇ ನಾಚಿಕೊಂಡವು. ಸೇಡಂನ ದವಾಖಾನೆಯಲ್ಲಿ ಎರಡು ಮಂಚ, ಒಬ್ಬ ಕಂಪೌಂಡರು, ಒಂದು ರಜಿಸ್ಟರು. ನಾನು ರಜಿಸ್ಟರಿನ ಮೇಲೆ ಹಾರಿ ಬಿದ್ದು ಕೆಂಚಬಾವಿಯನ್ನು ಹುಡುಕಿದೆ. ಜ್ವರ, ಕೆಮ್ಮು, ಚೇಳು ಕಡಿತ, ಮಾವನ ಮನೆಯವರ ಹೊಡೆತ. ನಾರಿನ ಸುದ್ದಿಯೇ ಇಲ್ಲ.

"ನಾರಿನ ಮಂದಿ ಇಲ್ಲಿ ಯಾಕ ಇರ್ತಾರೋ ತಮ್ಮ?" ಅಂದ ಕಂಪೌಂಡರು. "ಇರೂವು ಎರಡು ಮಂಚ. ಒಂದರ ಮ್ಯಾಲ ನಾ ಮಲಗ್ತೀನಿ. ನಾರು ಅಂದ್ರ ತಿಂಗಳಾನಗಟ್ಟಲೆ. ಎಲ್ಲಾರ್ನೂ ರೈಲು ಹತ್ತಿಸಿ ಶಹಾಬಾದದ ದೊಡ್ಡ ದವಾಖಾನಿಗಿ ಕಳಸ್ತೀವಿ."

ಆಗ ಮುನ್ಶಿಯವರು ಪೆಟ್ಟಿಗೆ ತೆಗೆದು ಒಂದು ಕಾಗದ ಹೊರಗೆಳೆದರು. ಹೋದ ಸಲ ಕಚೇರಿಯಲ್ಲೇ ಕುಳಿತು ಮಾಡಿದ ಪಟ್ಟಿಯಂತೆ. ಅದನ್ನು ಕಣ್ಣಾರೆ ನೋಡಿ ಖಾತ್ರಿ ಮಾಡಿ ರುಜು ಹಾಕುವುದಕ್ಕೇ ಈ ಪ್ರವಾಸ. ಪಟ್ಟಿಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಹೆಸರಿತ್ತು. ವಾಡಿ.

"ವಾಡಿ?" ಅಂದೆ.

"ವಾಡಿ" ಅಂದರು ಮುನ್ಶಿ. "ಸಬ್ ಸೆ ಅವ್ವಲ್. ಎರಡನೇ ನಂಬರಿನ ಊರು ಅದರ ಕಾಲಿಗೂ ಮುಟ್ಟಲ್ಲ."

"ವಾಡಿ ಅಂದ್ರ ಊರೇನ್ರಿ ಅದು? ಸ್ಟೇಷನ್! ಎರಡು ಚಾ ಅಂಗಡಿ, ಒಂದು ಸಿಗ್ನಲ್ಲು. ಅಲ್ಲಿ ಮಂದೀನ ಇಲ್ಲ, ಕಾಲು ಎಲ್ಲಿಂದ ಬರಬೇಕು?"

"ಕಾಗದದಾಗ ಅದ" ಅಂದರು. ಈ ಮಾತನ್ನು ಆರು ದಿನಗಳಲ್ಲಿ ಅವರು ನನಗೆ ಆರು ನೂರು ಸಲ ಹೇಳಿದರು. ಲೆಕ್ಕ ಇಟ್ಟಿದ್ದೇನೆ.

ಮಾರನೆಯ ದಿನ ಬೆಳಗಿನ ರೈಲಿಗೆ ಚಿತ್ತಾಪುರ. ಮೂರನೇ ದರ್ಜೆ, ಮೂರಾಣೆ. ಡಬ್ಬಿಯಲ್ಲಿ ಕುಂದ್ರುವುದಕ್ಕೆ ಜಾಗವಿರಲಿಲ್ಲ, ನಿಲ್ಲುವುದಕ್ಕೂ ಇರಲಿಲ್ಲ; ಒಂದು ಗಂಟೆ ಹೊತ್ತು ನಾನು ಒಬ್ಬ ಬಟ್ಟೆ ವ್ಯಾಪಾರಿಯ ಹೊಟ್ಟೆಗೂ ಒಂದು ಹುಂಜದ ಬುಟ್ಟಿಗೂ ನಡುವೆ ತೂಗಾಡುತ್ತ ಬಂದೆ. ಮುನ್ಶಿಯವರು ಪೆಟ್ಟಿಗೆಯ ಮೇಲೆ ಕುಳಿತು, ಛತ್ರಿ ಬಿಚ್ಚಿ, ಹುಂಜ ಕುಕ್ಕದಂತೆ ಅಡ್ಡ ಹಿಡಿದಿದ್ದರು. ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿ ತೆಗೆದೆ. ವ್ಯಾಪಾರಿ ಅರ್ಧ ತಿಂದ, ಹುಂಜ ಕಾಲು ಭಾಗ ತಿಂದಿತು, ಉಳಿದದ್ದನ್ನು ಮುನ್ಶಿಯವರು ಎಷ್ಟು ರೊಟ್ಟಿ ಎಂದು ಬರೆದುಕೊಂಡು ತಿಂದರು.

ಚಿತ್ತಾಪುರದ ದವಾಖಾನೆಯದೂ ಅದೇ ರಾಗ. "ನಾರು ಏನ್ರಿ? ಶಹಾಬಾದಕ್ಕ ಕಳಿಸಿವಿ." ಅಲ್ಲಿಯ ಕಂಪೌಂಡರು ಒಳ್ಳೆಯವರು, ನಮಗೆ ಪುಂಡಿಪಲ್ಯದ ಊಟ ಹಾಕಿದರು. ಊಟದ ನಡುವೆ ನಾನು ನಮ್ಮ ಬಾವಿಗೆ ನೂರು ಮೆಟ್ಟಿಲು ಅಂತಲೂ, ನಮ್ಮೂರಲ್ಲಿ ನಾರಿಲ್ಲದ ಕಾಲು ಅಂದರೆ ಮಂಚದ ಕಾಲು ಮಾತ್ರ ಅಂತಲೂ ಹೇಳಿದೆ. ಅವರು ಭಾಳ ಮರುಗಿ ಇನ್ನೊಂದು ರೊಟ್ಟಿ ಹಾಕಿದರು. ಮುನ್ಶಿಯವರು ಕೈ ತೊಳೆಯುವಾಗ ಮೆಲ್ಲಗೆ ಕೇಳಿದರು: "ನೂರು ಮೆಟ್ಲು ಖರೇ ಏನು?"

"ಮೂವತ್ತೊಂದು ಅದಾವ್ರಿ. ಬಿಸಿಲಾಗ ನೂರು ಅನಸ್ತಾವ."

"ನನಗ ಹೇಳೂವಾಗ ನೆಳ್ಳಾಗಿಂದು ಹೇಳು, ಮಿಯಾ."

ಮೂರನೆಯ ದಿನ ವಾಡಿ. ರೈಲು ಇಳಿದಾಗ ನನಗೆ ಮೈಯೆಲ್ಲ ಉರಿ. ನಮ್ಮ ಬಾವಿಯನ್ನು ಕದಿಯಲು ಕೂತಿದ್ದ ಊರು ಅದು. ಎಲ್ಲಿ ಹೋದರೂ ಕಾಲು ಎಳೆಯುವವರು, ಕಡ್ಡಿಗೆ ಹುಳು ಸುತ್ತಿಕೊಂಡು ಕೂತವರು ಸಿಗುತ್ತಾರೆಂದು ತಯಾರಾಗಿ ಹೋದೆ. ಸಿಕ್ಕವರು ಓಡುವ ಹಮಾಲರು, ಹಾರುವ ಚಾ ಹುಡುಗರು, ಸಿಳ್ಳೆ ಹೊಡೆಯುವ ಗಾರ್ಡುಗಳು. ಅಷ್ಟು ಗಟ್ಟಿ ಕಾಲುಗಳನ್ನು ನಾನು ಒಂದೇ ಕಡೆ ಎಂದೂ ನೋಡಿರಲಿಲ್ಲ. ಮೇಲಾಗಿ ಅಲ್ಲಿ ಕುಡಿಯುವುದು ನಳದ ನೀರು. ಇಂಜಿನ್ನಿಗೆ ನೀರು ತುಂಬುವ ದೊಡ್ಡ ತೊಟ್ಟಿಯಿಂದ ಕೊಳವೆ ಇಳಿಸಿದ್ದರು, ತಿರುವಿದರೆ ನೀರು. ಮುನ್ಶಿಯವರು ಬಿಸಿಲಿನಲ್ಲಿ ತಿರುಗಾಡಿ ನಳಗಳನ್ನು ಎಣಿಸಿದರು, ಬರೆದುಕೊಂಡರು. ನಾನು ಪ್ರತಿ ನಳಕ್ಕೂ ಒಂದೊಂದು ಬೈಗುಳ ಬೈದೆ.

ಭಜ್ಜಿ ಕರಿಯುತ್ತಿದ್ದ ಒಬ್ಬ ಮುದುಕಿಯನ್ನು ಕೇಳಿದೆ: "ಆಯಿ, ಈ ಊರಾಗ ನಾರು ಆದವ್ರು ಎಲ್ಲಿ ಇರ್ತಾರ?"

"ದಿನಾ ಬರ್ತಾರಪ್ಪ. ಆ ರೈಲು ಇಳೀತಾರ, ಈ ರೈಲು ಹತ್ತತಾರ. ಕುಂಟ್ಕೋತ ಬರ್ತಾರ, ಕುಂಟ್ಕೋತ ಹೋಗ್ತಾರ. ಭಜ್ಜಿ ತಗೋತಾರ."

"ಅವ್ರಲ್ಲ. ಇದೇ ಊರವ್ರು."

"ಇದೇ ಊರವ್ರು ಯಾರಪ್ಪ? ನಾ ಒಬ್ಬಾಕಿ. ನನ್ನ ಕಾಲು ನೋಡ್ತೀ ಏನು?" ಎಂದು ಕಾಲು ಚಾಚಿಯೇ ಬಿಟ್ಟಳು. ಮುನ್ಶಿಯವರು ಬಗ್ಗಿ ನೋಡಿ "ನಾರು ಇಲ್ಲ" ಎಂದು ಬರೆದುಕೊಂಡರು.

ಇಡೀ ದಿನ ರೈಲು ನೌಕರರ ಮನೆಮನೆ ಸುತ್ತಿದೆವು. ಒಂದೂ ನಾರು ಸಿಗಲಿಲ್ಲ. ನಾನು ಕುಣಿದೆ. "ನೋಡಿದ್ರೇನು? ಇಲ್ಲ! ಹೊಡಿರಿ ಕಾಟು ಆ ಹೆಸರಿನ ಮ್ಯಾಲ!"

"ಹ್ಯಾಂಗ ಹೊಡೀಲಿ? ಶಹಾಬಾದದ ರಜಿಸ್ಟರಿನಾಗ ವಾಡಿ ಮಂದಿ ಸಾಲಿಗಿ ಸಾಲು ಅದಾರ."

"ಆದ್ರ ವಾಡಿಯಾಗ ಇಲ್ಲಲ್ರಿ!"

"ಹೌದು. ಎಲ್ಲಾರೂ ಶಹಾಬಾದಕ್ಕ ಹೋಗಿ ಭರ್ತಿ ಆಗಿರಬೇಕು" ಅಂದರು ಮುನ್ಶಿ, ಭಾಳ ಯೋಚನೆ ಮಾಡಿ. ನನಗೆ ಆ ಪೆಟ್ಟಿಗೆಯನ್ನು ಇಂಜಿನ್ನಿನ ಬೆಂಕಿಯಲ್ಲಿ ಎಸೆದು, ಹಿಂದೆಯೇ ನಾನೂ ಹಾರಬೇಕು ಅನ್ನಿಸಿತು.

ನಾಲ್ಕನೆಯ ದಿನ ಬೆಳಿಗ್ಗೆ ಗಾಡಿ ಬದಲಿಸಿ ಶಹಾಬಾದ. ಈ ದಾರಿಯ ಟಿಕೇಟಿಗೆ ನಮ್ಮ ನಿಜಾಮರ ಹಾಲಿ ಆಣೆ ನಡೆಯುವುದಿಲ್ಲ, ಇಂಗ್ರೇಜರ ಕಲ್ದಾರ್ ನಾಣ್ಯ ಬೇಕು ಅಂದರು. ವಿನಿಮಯ ಮಾಡಿಸಲು ಸಾಲು ನಿಂತಾಗ ಒಂದು ರೈಲು ಹೋಯಿತು. ಮುಂದಿನದಕ್ಕೆ ಹತ್ತಿದೆವು. ಶಹಾಬಾದ ಬರುವ ಮೊದಲೇ ಗೊತ್ತಾಗುತ್ತದೆ: ಗಿಡ, ಮನೆ, ಕತ್ತೆ, ಮನುಷ್ಯ ಎಲ್ಲಕ್ಕೂ ಒಂದೇ ಬೂದಿ ಬಣ್ಣ. ನೆಲಕ್ಕೆ ಹಾಸುವ ಪರಸಿ ಕಲ್ಲು ಸೀಳುವ ಸದ್ದು ಹಲ್ಲಿನೊಳಗೆ ಕೇಳುತ್ತದೆ. ಹತ್ತು ನಿಮಿಷ ನಡೆಯುವುದರೊಳಗೆ ಮುನ್ಶಿಯವರ ಕಪ್ಪು ಛತ್ರಿ ಬಿಳಿಯಾಯಿತು, ನನ್ನ ಮೀಸೆಯೂ ಬಿಳಿಯಾಯಿತು. ಮೀಸೆ ಇನ್ನೂ ಬಂದಿಲ್ಲ, ಆದರೆ ಬರುವ ಜಾಗ ಬಿಳಿಯಾಯಿತು.

ದವಾಖಾನೆಯ ಉದ್ದನೆಯ ಪಡಸಾಲೆಯಲ್ಲಿ ಎರಡೂ ಕಡೆ ಮಂಚ. ಎಲ್ಲಿ ನೋಡಿದರೂ ಕಡ್ಡಿ ಕಟ್ಟಿದ ಕಾಲು. ಅಲ್ಲಿಯ ಗುಮಾಸ್ತರು ಹೈದರಾಬಾದ ಶಹರದಿಂದ ಬಂದ ಎಳೆ ಹುಡುಗ, ಮಾತೆಲ್ಲ ಅತ್ತರಿನ ಹಾಗೆ. ರಜಿಸ್ಟರು ತಂದು ಮುಂದಿಟ್ಟರು. ಊರಿನ ಕಾಲಮ್ಮಿನಲ್ಲಿ ಬೆರಳಿಟ್ಟು ಕೆಳಗೆ ಎಳೆಯುತ್ತ ಬಂದೆ. ವಾಡಿ. ವಾಡಿ. ವಾಡಿ. ಪುಟ ತಿರುವಿದೆ. ವಾಡಿ. ಒಂದು ಕಡೆ ಕಲ್ಲಿನ ಗಣಿ ಅಂತ ಇತ್ತು, ನನಗೆ ಆನಂದಬಾಷ್ಪ ಬಂತು. ಮತ್ತೆ ವಾಡಿ.

ಅಷ್ಟರಲ್ಲಿ ಮೂಲೆಯ ಮಂಚದಿಂದ ಒಂದು ದನಿ ಬಂತು. "ಏ ಮಲ್ಲ್ಯಾ! ಬಿಳಿ ಮಾರಿ ಮಾಡ್ಕೊಂಡು ಎಲ್ಲಿ ಹೊಂಟಿದಿಯೋ?"

ತಿಪ್ಪಣ್ಣ ಮಾಮಾ! ನಮ್ಮ ಮನೆಯ ಹಿತ್ತಲಿಗೆ ಹಿತ್ತಲು ಹಚ್ಚಿಕೊಂಡವನು. ತಿಂಗಳಿಂದ ಭರ್ತಿಯಾಗಿ ಸರಕಾರಿ ಹಾಲು ಕುಡಿದು ಗೌಡರ ಎಮ್ಮೆಯಂತೆ ಮಿರಿಮಿರಿ ಮಿಂಚುತ್ತಿದ್ದ. ನಾನು ಅವನ ಸಾಲು ಹುಡುಕಿದೆ. ತಿಪ್ಪಣ್ಣ, ಗಂಡಸು, ನಾರು, ಬಲಗಾಲು. ಊರು: ವಾಡಿ.

"ಮಾಮಾ, ನೀ ಯಾವಾಗ ವಾಡಿಯಾಂವ ಆದಿ?"

"ಯಾರು? ನಾ? ನನ್ನ ಹೆಣ ಬಿದ್ರೂ ಕೆಂಚಬಾವ್ಯಾಗ ಬೀಳಬೇಕು."

"ಮತ್ತ ಇಲ್ಲಿ ವಾಡಿ ಅಂತ ಬರದಾರಲ್ಲ?"

"ಬರೀಲಿ. ಅದೂ ಖರೇನ ಅದ. ಆ ಸಣ್ಣ ಸಾಹೇಬರು ಎಲ್ಲಿಂದ ಬಂದಿ ಅಂದ್ರು. ನಾ ವಾಡಿಯಿಂದ ಬಂದೀನ್ರಿ ಅಂದೆ. ವಾಡಿಯಾಗೇ ಅಲ್ಲೇನು ರೈಲು ಬದಲಿ ಮಾಡಿದ್ದು? ದವಾಖಾನ್ಯಾಗ ನಿಂತು ಸುಳ್ಳ ಹೇಳ್ಲಿ ಏನು?"

ನಾನು ಮುನ್ಶಿಯವರ ಮುಖ ನೋಡಿದೆ. ಮುನ್ಶಿಯವರು ಗುಮಾಸ್ತರ ಮುಖ ನೋಡಿದರು. ಗುಮಾಸ್ತರು ಮೆಲ್ಲಗೆ ತಮ್ಮ ಉರ್ದುವಿನಲ್ಲಿ ಅಂದರು: "ನಾನು ಸರಿಯಾಗೇ ಕೇಳ್ತೀನಿ. ಕಹಾಂ ಸೆ ಆಯೇ? ಈ ಜವಾನ ಅದನ್ನೇ ಕನ್ನಡದಾಗ ಹೇಳ್ತಾನ." ಜವಾನ ಹೌದೆಂದು ತಲೆಯಾಡಿಸಿದ. ಎಲ್ಲಿಂದ ಬಂದಿ? ನಮ್ಮ ಕಡೆ ಊರು ತಿಳಿಯಬೇಕಾದರೆ ಯಾವೂರು ಅಂತ ಕೇಳುತ್ತಾರೆ. ಎಲ್ಲಿಂದ ಬಂದಿ ಅಂದರೆ ಈಗ, ಇದೇ ಈಗ, ಎಲ್ಲಿಂದ ಎದ್ದು ಬಂದಿ ಅಂತ. ಪಡಸಾಲೆಯ ನಡುವೆ ನಿಂತು ನಾನು ಕೂಗಿದೆ: "ಇಲ್ಲಿ ವಾಡಿಯಿಂದ ಬಂದವ್ರು ಯಾರ್ಯಾರು?" ಎಲ್ಲ ಮಂಚಗಳಿಂದಲೂ ಕೈ ಎದ್ದವು. "ವಾಡಿ ಯಾರ ಊರು?" ಅಂದೆ. ಎಲ್ಲ ಕೈಗಳೂ ಇಳಿದವು.

ನಾನು ಗುಮಾಸ್ತರನ್ನು, ಜವಾನನನ್ನು, ತಿಪ್ಪಣ್ಣ ಮಾಮಾನನ್ನು, ರೈಲನ್ನು ಒಂದೇ ಉಸಿರಿನಲ್ಲಿ ಬೈಯಲು ಬಾಯಿ ತೆರೆದೆ. ಮುನ್ಶಿಯವರು ಕೈ ಅಡ್ಡ ಹಿಡಿದರು. "ನಕ್ಕೋ, ಬ್ಯಾಡ. ಅವರು ಕೇಳಿದ್ದಕ್ಕ ಇವರು ಖರೇ ಜವಾಬು ಕೊಟ್ಟಾರ. ಸವಾಲೇ ತಪ್ಪು." ಹಳೆಯ ಪಟ್ಟಿ ಮಡಚುತ್ತ, "ಹೋದ ಸಲ ಆ ಪಟ್ಟಿ ನಕಲು ಮಾಡಿದಾಂವ ನಾನೇ. ವಾಡಿ ಅಂದ್ರ ಸ್ಟೇಷನ್ ಅಂತ ನನಗೂ ಗೊತ್ತಿತ್ತು" ಅಂದರು. ಅವರ ಮುಖ ಆಗ ಶಹಾಬಾದದ ಧೂಳಿಗಿಂತ ಬಿಳುಪಾಗಿತ್ತು.

ಆಮೇಲೆ ಅವರು ಪೆಟ್ಟಿಗೆ ತೆರೆದು ಹೊಸ ಕಾಗದ ಹಾಸಿದರು. ಪ್ರತಿಯೊಬ್ಬರನ್ನೂ ಮತ್ತೆ ಕೇಳಬೇಕು, ಆದರೆ ಬೇರೆ ಮಾತು. "ಯಾವೂರು ಅಂತಾನೂ ಬ್ಯಾಡ. ಯಾವ ನೀರು ಕುಡೀತಿ ಅಂತ ಕೇಳು. ರೋಗ ನೀರಾಗಿಂದು. ನಾರು ಆದವ್ರು ಮೆಟ್ಲು ಇಳಿದು ಕಾಲು ಅದ್ದಿದ್ರ ಹುಳದ ಮರಿ ನೀರಿಗಿ ಬೀಳ್ತಾವ. ಆ ನೀರು ಕುಡಿದವ್ರಿಗಿ ಬರೂ ವರ್ಷ ನಾರು. ನಮಗ ಬೇಕಾಗಿದ್ದು ಮನುಷ್ಯಾಂದು ಊರಲ್ಲ, ಅವನ ಕೊಡ."

ಉಳಿದ ದಿನವೆಲ್ಲ ಮಂಚದಿಂದ ಮಂಚಕ್ಕೆ ಹೋಗಿ ಕೇಳಿದೆ. ಯಾವ ನೀರು ಕುಡೀತಿ? ಆಗ ಬಂದವು ನೋಡಿ ಊರುಗಳು, ಬಾವಿ, ಹಳ್ಳ, ಕುಂಟೆ ಸಮೇತ. ವಾಸಿಯಾಗಿ ಹೋದವರ ಸಾಲುಗಳನ್ನು ಗಟ್ಟಿಯಾಗಿ ಓದಿದೆ. ಮಲಗಿದವರು ಗುರುತು ಹೇಳಿದರು. "ಹಣಮಂತ, ತಂದಿ ಸಿದ್ರಾಮ" ಅಂದರೆ ಒಬ್ಬ "ಅಂವ ನಮ್ಮ ಮಗ್ಗಲ ಓಣಿಯಾಂವ" ಅನ್ನುತ್ತಿದ್ದ. ನಮ್ಮೂರವರನ್ನು ನಾನೂ ತಿಪ್ಪಣ್ಣ ಮಾಮಾನೂ ಹೆಕ್ಕಿದೆವು. ಸಂಜೆಯ ಹೊತ್ತಿಗೆ ವಾಡಿ ಎಂಬ ಊರು ಭೂಮಿಯ ಮೇಲಿಂದ ಮಾಯವಾಯಿತು. ಎರಡೇ ಸಾಲು ಉಳಿದವು. ಎರಡರಲ್ಲೂ ಹೆಸರು ಶರಣಪ್ಪ, ತಂದೆಯ ಹೆಸರು ಖಾಲಿ, ಊರು ವಾಡಿ. ನಮ್ಮ ಸೀಮೆಯಲ್ಲಿ ಒಂದು ಕಲ್ಲು ಎಸೆದರೆ ಹತ್ತು ಶರಣಪ್ಪರಿಗೆ ತಾಗುತ್ತದೆ. ಮುನ್ಶಿಯವರು ಅವೆರಡನ್ನೂ ಬೇರೆ ಕಾಗದದ ಮೇಲೆ ಇಟ್ಟುಕೊಂಡರು. ಕೆಂಚಬಾವಿಗೆ ಹತ್ತೊಂಬತ್ತು ಬಂದಿತ್ತು. ಎರಡನೆಯ ಊರು ಹನ್ನೊಂದಕ್ಕೆ ನಿಂತಿತ್ತು. ತಿಪ್ಪಣ್ಣ ಮಾಮಾ ಮಂಚದ ಮೇಲೇ ಕುಣಿಯಲು ಹೋಗಿ ಕಡ್ಡಿ ತಾಗಿ ಚೀರಿದ.

"ಇನ್ನ ಚಿಂಚೋಳಿ ದವಾಖಾನಿ ಉಳದದ. ಅಲ್ಲಿ ರೈಲಿಲ್ಲ, ಆ ಕಡಿ ನಾರಿನವ್ರು ಅಲ್ಲೇ ಭರ್ತಿ ಆಗ್ತಾರ" ಅಂದರು ಮುನ್ಶಿ.

ಐದನೆಯ ದಿನವೆಲ್ಲ ದಾರಿಯಲ್ಲೇ ಹೋಯಿತು. ಶಹಾಬಾದದಿಂದ ವಾಡಿ, ವಾಡಿಯಿಂದ ಸೇಡಂ, ಅಲ್ಲಿಂದ ಚಿಂಚೋಳಿಗೆ ಮೋಟಾರು. ಲಡಾಯಿಯ ಕಾಲ, ಪೆಟ್ರೋಲು ಇಲ್ಲ. ಮೋಟಾರಿನ ಹಿಂದೆ ಒಂದು ಕಬ್ಬಿಣದ ಒಲೆ ಕಟ್ಟಿ ಇದ್ದಿಲ ಹೊಗೆಯಿಂದ ಓಡಿಸುತ್ತಾರೆ. ಓಡಿಸುತ್ತಾರೆ ಎನ್ನುವುದು ಮಾಲೀಕರ ಮಾತು. ಏರು ಬಂದಲ್ಲೆಲ್ಲ ಡ್ರೈವರು "ಇಳೀರಿ, ನೂಕ್ರಿ" ಅನ್ನುತ್ತಿದ್ದ. ಹದಿನೈದು ಹರದಾರಿಯಲ್ಲಿ ಹನ್ನೆರಡು ಹರದಾರಿ ನಾವೇ ಮೋಟಾರನ್ನು ಒಯ್ದೆವು, ಬಾಡಿಗೆ ಅದು ತೆಗೆದುಕೊಂಡಿತು. ಮುನ್ಶಿಯವರು ನೂಕುತ್ತಲೇ ಎಷ್ಟು ಸಲ ಇಳಿದೆವೆಂದು ಗೀಟು ಹಾಕುತ್ತಿದ್ದರು.

ಆರನೆಯ ದಿನ ಬೆಳಿಗ್ಗೆ ಚಿಂಚೋಳಿಯ ದವಾಖಾನೆ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತೆವು. ಕಂಪೌಂಡರು ಯಲ್ಲಯ್ಯ, ತೆಲುಗು ಸೀಮೆಯವರು. ರಜಿಸ್ಟರು ನೋಡಿದೆವು. ಊರಿನ ಕಾಲಮ್ಮಿನಲ್ಲಿ ವಾಡಿ ಇರಲಿಲ್ಲ. ಅದರ ಬದಲು ಸಾಲುಸಾಲಾಗಿ ಇಂಟಿ, ಇಂಟಿ, ಇಂಟಿ ಅಂತ ಇತ್ತು. ಮುನ್ಶಿಯವರು ನಕ್ಷೆ ಹರಡಿ ಇಂಟಿ ಎಂಬ ಊರನ್ನು ಹುಡುಕತೊಡಗಿದರು. ನಾನು ನೆಲದ ಮೇಲೆ ಕುಳಿತುಬಿಟ್ಟೆ. ಇಂಟಿ ಎಂದರೆ ತೆಲುಗಿನಲ್ಲಿ ಮನೆ. ಎಕ್ಕಡಿ ನುಂಚಿ ವಚ್ಚಾವು, ಎಲ್ಲಿಂದ ಬಂದಿ, ಅಂತ ಯಲ್ಲಯ್ಯ ಕೇಳಿದ್ದಾರೆ. ಇಂಟಿ ನುಂಚಿ, ಮನೆಯಿಂದ, ಅಂತ ಬಂದವರು ಹೇಳಿದ್ದಾರೆ. ಮತ್ತೆಲ್ಲಿಂದ ಬರುತ್ತಾರೆ, ಆಕಾಶದಿಂದಲೇ?

"ನನಗ ಎಲ್ಲಾರೂ ಗೊತ್ತು, ಸಾರ್. ನಾ ಹೇಳ್ತಾ" ಅಂದರು ಯಲ್ಲಯ್ಯ, ನಾಚಿಕೊಂಡು. ಒಂದೊಂದೇ ಸಾಲಿಗೆ ಬೆರಳಿಟ್ಟು ಹೇಳಿದರು. "ಇದು ಮೇಲಿನ ತಾಂಡಾ. ಇದು ಮೇಲಿನ ತಾಂಡಾ. ಇದೂ ಅದೇ." ನಾನು ಗೀಟು ಹಾಕುತ್ತ ಹೋದೆ. ಹತ್ತು ದಾಟಿತು. ಹದಿನೈದು, ಹದಿನೆಂಟು. ಹತ್ತೊಂಬತ್ತಕ್ಕೆ ನಿಂತರೆ ಸಾಕು ಎಂದು ಎಲ್ಲ ದೇವರಿಗೂ ಕಾಯಿ ಹರಕೆ ಹೊತ್ತೆ. ಯಲ್ಲಯ್ಯ ಇನ್ನೊಂದು ಸಾಲಿಗೆ ಬೆರಳಿಟ್ಟರು. ಇಪ್ಪತ್ತು.

ಪಡಸಾಲೆಯ ಕಂಬಕ್ಕೆ ಒರಗಿ ಒಬ್ಬ ಲಂಬಾಣಿ ಹೆಣ್ಣುಮಗಳು ಕುಳಿತಿದ್ದಳು. ರುಕ್ಕಿಬಾಯಿ ಅಂತ ಹೆಸರು. ತೊಡೆಯ ಮೇಲೆ ಮಲಗಿದ್ದ ಮಗನ ಎರಡೂ ಕಾಲಿಗೆ ಕಡ್ಡಿ. ಅವಳಿಗೂ ಒಂದು.

"ಏ ಪೆಟ್ಟಿಗಿ ಸಾಹೇಬ" ಎಂದು ನನ್ನನ್ನು ಕರೆದಳು. "ಏನ್ ಎಣಸಾಕತ್ತಿ, ಬೆವರು ಸುರ್ಸಕೋತ?"

"ನಿಮ್ಮ ತಾಂಡಾದಾಗ ಎಷ್ಟು ಮಂದಿಗಿ ನಾರು ಅದ ಅಂತ. ಇಪ್ಪತ್ತು."

ಅವಳು ಜೋರಾಗಿ ನಕ್ಕಳು. ಕೈಯ ಬಳೆಗಳೆಲ್ಲ ನಕ್ಕವು. "ಇಪ್ಪತ್ತು ಮಂದಿ ನಡದು ಬಂದವ್ರೋ! ನಡೀಲಿಕ್ಕ ಬರಲಾರದವ್ರು ಮನ್ಯಾಗೇ ಅದಾರ. ನನಗ ನಾಲ್ಕು ಮಕ್ಕಳು. ಇವನ್ನ ಹೊತ್ಕೊಂಡು ಬಂದೀನಿ. ಉಳದ ಮೂರು ಯಾರು ಹೊರಬೇಕು? ನಿನ್ನ ಪೆಟ್ಟಿಗ್ಯಾಗ ಹಿಡೀತಾವೇನು?"

"ಯಾವ ನೀರು ಕುಡೀತೀರಿ?"

"ಕುಂಟಿ ನೀರು. ಎಮ್ಮಿ ಈಜ್ತಾವ, ನಾವೂ ಇಳೀತೀವಿ. ಬ್ಯಾರೆ ಎಲ್ಲಿ ಅದ? ಬರಕೋ, ಬರಕೋ. ಉಳದವ್ರನೂ ಬರಕೋ, ಶಾಯಿ ಅದ ಅಲ್ಲ ನಿನ್ನ ಕೈಯಾಗ."

ನಾನು ಮುನ್ಶಿಯವರ ಕಡೆ ತಿರುಗಿದೆ. ಅವರು ತಲೆ ಅಲ್ಲಾಡಿಸಿದರು. ಭರ್ತಿಯಾದವರನ್ನು ಮಾತ್ರ ಬರೆಯಬೇಕು, ಹುಕುಂ ಹಾಗಿದೆ. ಮನೆಯಲ್ಲಿ ಬಿದ್ದವರು ಕಾಗದದಲ್ಲಿ ಇಲ್ಲ. ನಮ್ಮ ಗೌಡರಿಗೆ ಈ ಗುಟ್ಟು ಗೊತ್ತಾಗಿತ್ತು, ತಾಂಡಾದವರಿಗೆ ಯಾರೂ ಹೇಳಿರಲಿಲ್ಲ. ಹಾಗಿದ್ದೂ ಅವರು ಇಪ್ಪತ್ತು.

ಮಧ್ಯಾಹ್ನ ದವಾಖಾನೆಯ ಬೇವಿನ ಗಿಡದ ಕೆಳಗೆ ಕುಳಿತು ನಾನು ಚೊಕ್ಕ ಪ್ರತಿ ಬರೆದೆ. ಉರ್ದು ಅಕ್ಷರ ಮುತ್ತಿನ ಹಾಗೆ ಇಳಿದವು, ಅದೊಂದು ಮಾತು ನಂಬಿ. ಕೊನೆಗೆ ಮುನ್ಶಿಯವರು ಆ ಬೇರೆ ಕಾಗದ ತೆಗೆದರು. ಎರಡು ಶರಣಪ್ಪ.

"ಈ ಇಬ್ಬರು ಉಳದಾರ. ಶಹಾಬಾದದಾಗ ಯಾರೂ ಗುರುತು ಹೇಳಲಿಲ್ಲ. ನಿಮ್ಮೂರವ್ರೇ ಏನು? ನಿನ್ನ ಊರು, ನಿನ್ನ ಮಾತು. ನೀ ಹೌದು ಅಂದ್ರ ಬರೀತೀನಿ."

ಬರೆದದ್ದನ್ನು ಬಿಟ್ಟು ಏನನ್ನೂ ನಂಬದ ಮನುಷ್ಯ ಅವರು. ಆರು ದಿನ ನನ್ನ ಒಂದು ಮಾತನ್ನೂ ಅರ್ಧಕ್ಕೆ ಇಳಿಸದೆ ಒಪ್ಪಿದವರಲ್ಲ. ಲೇಖಣಿ ಶಾಯಿಗೆ ಅದ್ದಿ, ಕಾಗದದ ಮೇಲೆ ಹಿಡಿದು, ನನ್ನ ಬಾಯಿಯನ್ನೇ ನೋಡುತ್ತ ಕುಳಿತರು. ಹತ್ತೊಂಬತ್ತಕ್ಕೆ ಎರಡು ಸೇರಿದರೆ ಇಪ್ಪತ್ತೊಂದು.

ನಮ್ಮೂರಲ್ಲಿ ಶರಣಪ್ಪ ಇದ್ದಾರೆ, ಇಬ್ಬರೇ ಇದ್ದಾರೆ. ಒಬ್ಬ ಸೂಜಿ ಎಂದರೆ ಹುಣಸೆ ಮರ ಹತ್ತುವವನು. ಇನ್ನೊಬ್ಬನಿಗೆ ಇನ್ನೂ ಹಲ್ಲು ಬಂದಿಲ್ಲ. ಇಬ್ಬರೂ ಶಹಾಬಾದವನ್ನು ನೋಡಿಲ್ಲ. ಆದರೆ ಹೌದ್ರಿ ಎನ್ನುವುದು ಎಷ್ಟು ದೊಡ್ಡ ಮಾತು? ನಿದ್ದೆಯಲ್ಲೂ ಇದಕ್ಕಿಂತ ದೊಡ್ಡವು ಬಿಟ್ಟಿದ್ದೇನೆ. ಅವ್ವ ಕೊಡ ಮುಂದೆ ಸರಿಸುವುದು ಕಣ್ಣಿಗೆ ಬಂತು. ಬಾಯಿ ತೆರೆದೆ. ಆ ಕಡೆ ರುಕ್ಕಿಬಾಯಿ ಮಗನ ಕಾಲಿನ ಕಡ್ಡಿಯನ್ನು ಒಂದು ಸುತ್ತು ತಿರುಗಿಸಿದಳು. ಹುಡುಗ ಅಳಲಿಲ್ಲ, ಅವಳ ಸೆರಗು ಕಚ್ಚಿ ಹಿಡಿದ.

"ಅಲ್ರಿ" ಅಂದೆ. "ನಮ್ಮವರಲ್ಲ."

ಮುನ್ಶಿಯವರು ಎರಡೂ ಸಾಲಿನ ಮುಂದೆ "ಊರು ತಿಳಿಯದು" ಎಂದು ಬರೆದರು. ಪಟ್ಟಿಯ ತಲೆಯಲ್ಲಿ ಮೇಲಿನ ತಾಂಡಾ ಕುಳಿತಿತು. ಅದರ ಕೆಳಗೆ ನಾವು. ಯಾಕೆ ಹಾಗೆ ಅಂದೆನೋ, ಇವತ್ತಿಗೂ ನನ್ನ ಬಾಯಿಯ ಮೇಲೆ ನನಗೆ ಸಿಟ್ಟಿದೆ. ಅಲ್ಲಿಯೇ ಪೆಟ್ಟಿಗೆಗೆ ಒಂದು ಒದೆ ಕೊಟ್ಟೆ. ಹೆಬ್ಬೆರಳು ಊದಿತು.

ಮುನ್ಶಿಯವರು ಆ ಒದೆಯನ್ನು ಮಾತ್ರ ಬರೆದುಕೊಳ್ಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಸೇಡಂನಲ್ಲಿ ಅವರು ರೈಲು ಹತ್ತುವಾಗ ಪೆಟ್ಟಿಗೆ ಮೇಲೆ ಕೊಟ್ಟೆ. "ಬರೂ ವರ್ಷ ಮತ್ತ ಪಟ್ಟಿ ಆಗ್ತದ" ಅಂದರು. "ಬರೂ ವರ್ಷ ಅಂದ್ರ ಬರೂ ವರ್ಷದ ನಾರು" ಅಂದೆ. ಅವರು ಛತ್ರಿ ಮಡಚಿ ಒಳಗೆ ಹೋದರು.

ನಾಲ್ಕು ಹರದಾರಿ ನಡೆದು ಊರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಬಾವಿಯ ಮೇಲಿನ ಮೆಟ್ಟಿಲಲ್ಲಿ ಅವ್ವ ಖಾಲಿ ಕೊಡ ಹಿಡಿದು ಕುಳಿತಿದ್ದಳು.

"ಬಂತೇನೋ ಬಾವಿ?"

"ಇಲ್ಲವ್ವ."

"ಎಷ್ಟರಾಗ ಹೋತು?"

"ಒಂದ್ರಾಗ."

ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ: ವಾಡಿ, ಇಂಟಿ, ತಾಂಡಾ, ಕುಂಟೆಯ ನೀರು, ಅದ್ದಿದ ಕಾಲಿನಿಂದ ನೀರಿಗೆ ಬೀಳುವ ಹುಳದ ಮರಿ, ಎರಡು ಶರಣಪ್ಪ. ಒಂದು ಗೀಟನ್ನೂ ಉದ್ದ ಮಾಡಲಿಲ್ಲ. ಅವಳು ಕೇಳುತ್ತ ಕೇಳುತ್ತ ನನ್ನ ಕಡೆಗೆ ಪೂರ್ತಿ ತಿರುಗಿದಳು.

"ನಮ್ಮವರೇ ಏನು ಅಂತ ನಿನಗೇ ಕೇಳಿದ್ರಾ ಅವ್ರು?"

"ಹೂಂ."

"ನೀ ಅಲ್ಲ ಅಂದಿ?"

"ಹೂಂ."

"ಹುಟ್ಟಿದಾಗಿಂದ ಸುಳ್ಳ ಹೇಳಕೋತ ಬಂದಿ! ಹಲ್ಲಿ ಕಂಡ್ರ ಮೊಸಳಿ ಅಂತಿ, ಹನಿ ಬಿದ್ರ ಹೊಳಿ ಬಂತು ಅಂತಿ. ಊರಿಗಿ ಬೇಕಾಗಿದ್ದು ಒಂದೇ ಒಂದು ಸುಳ್ಳು. ಅದೊಂದು ಹೇಳ್ಲಿಕ್ಕ ಆಗ್ಲಿಲ್ಲೇನೋ ನಿನಗ, ಮೂಳಾ?"

ಅವಳು ಮತ್ತೆ ಕೆಳಗಿನ ನೀರಿನ ಕಡೆಗೆ ತಿರುಗಿದಳು.

"ಆ ಹೆಣ್ಮಗಳಿಗಿ ಎಷ್ಟು ಮಕ್ಕಳಂದಿ?"

"ನಾಲ್ಕು."

"ಎಲ್ಲಾಕ್ಕೂ ಅದ ಏನು?"

"ಎಲ್ಲಾಕ್ಕೂ."

ಅವಳು ಕೊಡವನ್ನು ನನ್ನ ಎದೆಗೆ ಕುಕ್ಕಿದಳು. "ಇಳಿ. ಕಾಲು ನೀರಾಗ ಇಟ್ಟಿ ಅಂದ್ರ ಮುರೀತೀನಿ. ಬಗ್ಗಿ ತುಂಬು."

ಇಳಿದೆ. ಕೊನೆಯ ಒಣ ಮೆಟ್ಟಿಲಲ್ಲಿ ಬೋರಲು ಮಲಗಿ, ಕೈ ಚಾಚಿ, ಕೊಡ ತುಂಬಿದೆ.